ಹೆದ್ದಾರಿಯ ಅಂಕಿಗೆ ಜಗಳವಾಡಿದವರು

ಅಮೆರಿಕದಲ್ಲಿ ಶಿಕಾಗೋದಿಂದ ಲಾಸ್ ಏಂಜಲೀಸ್‌ಗೆ ಹೋಗುತ್ತಿದ್ದ ಹೆದ್ದಾರಿ ರೂಟ್ 66ಕ್ಕೆ ಮೊದಲು ಗೊತ್ತಾಗಿದ್ದ ಅಂಕಿ 60. ಪೂರ್ವ-ಪಶ್ಚಿಮವಾಗಿ ಸಾಗುವ ಮುಖ್ಯ ರಸ್ತೆಗಳ ಅಂಕಿ ಸೊನ್ನೆಯಲ್ಲಿ ಮುಗಿಯಬೇಕೆಂದು 1925ರಲ್ಲಿ ಅಲ್ಲಿನ ಹೆದ್ದಾರಿ ಮಂಡಳಿ ಠರಾಯಿಸಿತ್ತು. ಅಂಥದ್ದೊಂದೂ ತಮ್ಮ ಪಾಲಿಗೆ ಬರಲಿಲ್ಲವೆಂದು ಕೆಂಟಕಿಯ ಗವರ್ನರ್ ವಿಲಿಯಂ ಫೀಲ್ಡ್ಸ್ ಪಟ್ಟು ಹಿಡಿದರು. ಒಕ್ಲಹೋಮಾದ ಹೆದ್ದಾರಿ ಅಧಿಕಾರಿ ಸೈರಸ್ ಏವರಿಯೂ ಜಗ್ಗಲಿಲ್ಲ; ಮಿಸೌರಿಯವರು ಆಗಲೇ 60 ಎಂದು ನಕ್ಷೆ ಅಚ್ಚು ಹಾಕಿಸಿದ್ದರು. 62 ಕೊಡುತ್ತೇವೆ ಎಂದರೆ ಏವರಿಗೆ ಬೇಡ. ಕೊನೆಗೆ 1926ರ ಏಪ್ರಿಲ್ 30ರಂದು ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಏವರಿಯೂ ಮಿಸೌರಿಯವರೂ ಸೇರಿದಾಗ 66 ಯಾರಿಗೂ ಹೋಗಿಲ್ಲವೆಂದು ಕಂಡು, ಅದಾದರೆ ಒಪ್ಪಿಗೆ ಎಂದು ವಾಷಿಂಗ್ಟನ್‌ಗೆ ತಂತಿ ಹೊಡೆದರು.

ಏವರಿ ಟಲ್ಸಾ ಊರಿನವರು. ರಸ್ತೆ ಟಲ್ಸಾ ಮೇಲೆ ಹಾದದ್ದರಲ್ಲಿ ಅವರ ಕೈ ಇತ್ತು. ಇದು ಊರಿನ ಅಭಿಮಾನವೂ ಹೌದು, ಸ್ವಾರ್ಥವೂ ಹೌದು. ಅದಕ್ಕಿಂತ ಮುಂಚಿನ ಲಿಂಕನ್ ಹೆದ್ದಾರಿಯ ಕಥೆ ಇನ್ನೂ ಕಹಿ. 1913ರಲ್ಲಿ ಹುಟ್ಟಿದ ಅದರ ಖಾಸಗಿ ಸಂಘ ಯೂಟಾದ ಮರುಭೂಮಿಯಲ್ಲಿ ತಾನು ಗುರುತಿಸಿದ ದಾರಿಗೆ ಗುಡ್‌ಇಯರ್ ಟೈರ್ ಕಂಪನಿಯ ಹಣ ತಂದಿತು. ಯೂಟಾ ಸರ್ಕಾರ ಅದನ್ನು ಅರ್ಧಕ್ಕೇ ಬಿಟ್ಟು, ತನಗೆ ಅನುಕೂಲವಾದ ವೆಂಡೋವರ್ ರಸ್ತೆಯನ್ನು ಕಟ್ಟಿತು. ಆ ಕಾಲದಲ್ಲಿ ಅಂಕಿಯ ಬದಲು ಹೆಸರಿದ್ದ ಇಂಥ ರಸ್ತೆಗಳು ನೂರಾರು. ಊರೂರಿನ ವ್ಯಾಪಾರಿಗಳಿಂದ ಚಂದಾ ಎತ್ತಿ, ದಾರಿಯನ್ನು ಅತ್ತಿತ್ತ ತಿರುಗಿಸಿ, ಕಂಬಗಳಿಗೆ ಬಣ್ಣದ ಪಟ್ಟೆ ಬಳಿಯುತ್ತಿದ್ದರು. ಒಂದೇ ಕಂಬದ ಮೇಲೆ ಮೂರು-ನಾಲ್ಕು ಸಂಘಗಳ ಗುರುತು ಇದ್ದರೆ ದಾರಿಹೋಕ ಯಾವುದನ್ನು ನಂಬಬೇಕು? ಅಂಕಿ ಬೇಕೇ ಇತ್ತು.

ನಮ್ಮಲ್ಲಿಯೂ ಬೇಕಿತ್ತು. 2010ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹೆದ್ದಾರಿಗಳ ಅಂಕಿ ಬದಲಿಸಿದಾಗ ಒಂದು ಕ್ರಮ ಬಂತು: ಉತ್ತರ-ದಕ್ಷಿಣದವಕ್ಕೆ ಸಮಸಂಖ್ಯೆ, ಪೂರ್ವ-ಪಶ್ಚಿಮದವಕ್ಕೆ ಬೆಸಸಂಖ್ಯೆ. ಅಮೆರಿಕದ್ದು ಇದಕ್ಕೆ ತದ್ವಿರುದ್ಧ. ದಾವಣಗೆರೆಯ ನಮ್ಮ ಎನ್‌ಎಚ್ 4 ಈಗ 48. ಹಳೆಯ 48, ಅಂದರೆ ಬೆಂಗಳೂರು-ಮಂಗಳೂರು ರಸ್ತೆ, ಈಗ 75. ಕರಾವಳಿಯ 17 ಈಗ 66. ಹಳೆಯ ಅಂಕಿ ಇನ್ನೊಂದು ರಸ್ತೆಗೆ ಹೋದದ್ದು ನಮ್ಮ ಮನೆಯವರಿಗೆ ತಿಳಿದದ್ದು ಫಲಕ ನೋಡಿದ ಮೇಲೆಯೇ. ಅಣ್ಣ ಫೋನಿನಲ್ಲಿ ಇವತ್ತಿಗೂ "ಎನ್‌ಎಚ್ ಫೋರಲ್ಲಿ ಇದೀನಿ ಕಣೋ" ಅನ್ನುತ್ತಾನೆ. ಊರೊಳಗೆ ಬಂದರೆ ಅದು ಪಿ.ಬಿ. ರೋಡ್, ಅಂದರೆ ಪುಣೆ-ಬೆಂಗಳೂರು ರಸ್ತೆ.

ಅಂಕಿಯ ಬಗ್ಗೆ ನನಗೆ ತಕರಾರಿಲ್ಲ, ಅದು ಬಂದ ರೀತಿಯ ಬಗ್ಗೆ ಇದೆ. ಕೆಂಟಕಿಯವರೂ ಏವರಿಯೂ ಎದುರುಬದುರು ವಾದಿಸಿದರು. ಏಕೆ 66 ಎಂದು ಇಂದು ಯಾರು ಕೇಳಿದರೂ ಉತ್ತರವಿದೆ. ನಮ್ಮಲ್ಲಿ ಅಂಕಿಯಷ್ಟೇ ಅಲ್ಲ, ಬೈಪಾಸ್ ಯಾವ ಕಡೆಯಿಂದ ಹೋಗುತ್ತದೆ, ಏಕೆ ಎಂಬುದು ಜಮೀನು ಹೋಗುವವನಿಗಾದರೂ ಅವನ ತಾಲ್ಲೂಕಿನಲ್ಲಿ, ಕನ್ನಡದಲ್ಲಿ, ಗುರುತು ಕಲ್ಲು ನೆಡುವ ಮೊದಲೇ ತಿಳಿಯಬೇಕು.

ಇನ್ನೊಂದು ಮಾತು. 1985ರಲ್ಲಿ ರೂಟ್ 66 ಅಧಿಕೃತ ಪಟ್ಟಿಯಿಂದ ಹೋಯಿತು. ಆದರೂ ನಾನಿರುವ ಶಿಕಾಗೋದ ಆಡಮ್ಸ್ ರಸ್ತೆಯಲ್ಲಿ, ಅದು ಇಲ್ಲಿಂದ ಶುರು ಎಂದು ಹೇಳುವ ಕಂದು ಫಲಕವಿದೆ. ಈಗ ಹೆದ್ದಾರಿ ದಾವಣಗೆರೆಯ ಹೊರಗಿನಿಂದ ಹೋಗುತ್ತದೆ. ಒಳಗಿನ ಹಳೆಯ ದಾರಿಗೂ ಸರ್ಕಾರವೇ ಅಂಥದ್ದೊಂದು ಫಲಕ ಹಾಕಲಿ: ಪುಣೆ-ಬೆಂಗಳೂರು ರಸ್ತೆ, ಹಿಂದಿನ ಎನ್‌ಎಚ್ 4.