ಕೃಷ್ಣಗಿರಿಗೆ ರೈಲು ಬರುತ್ತದಂತೆ, ಮತ್ತೆ

ಮಾವು ಒಂದು ವರ್ಷ ಬಿಟ್ಟು ಒಂದು ವರ್ಷ ಹಿಡಿಯುತ್ತದೆ. ತಮಿಳುನಾಡಿನ ಕೃಷ್ಣಗಿರಿಯ ರೈಲು ಹಾಗಲ್ಲ, ಚುನಾವಣೆಗೊಮ್ಮೆ ತಪ್ಪದೆ ಹೂ ಬಿಡುತ್ತದೆ. ಹೊಸೂರು, ರಾಯಕೋಟೆಯ ಟೀ ಅಂಗಡಿಗಳಲ್ಲಿ ಆಗ ಒಂದೇ ಮಾತು: ಈ ಸಲ ಬಂದೇ ಬರುತ್ತದಂತೆ.

ಬಂದಾಗಿತ್ತಲ್ಲ, ಸ್ವಾಮಿ! 1905ರಲ್ಲೇ. ತಿರುಪತ್ತೂರಿನಿಂದ ಕೃಷ್ಣಗಿರಿಗೆ ಸುಮಾರು 40 ಕಿ.ಮೀ., ಹಳಿಗಳ ನಡುವೆ ಎರಡೂವರೆ ಅಡಿ ಅಂತರದ ನ್ಯಾರೋ ಗೇಜ್. ಮರುವರ್ಷ ಮೊರಪ್ಪೂರು–ಧರ್ಮಪುರಿ ನಡುವೆ ಇನ್ನೊಂದು; ಅದು 1913ರಲ್ಲಿ ಹೊಸೂರು ಮುಟ್ಟಿತು. ಬರಗಾಲಕ್ಕೆ ಧಾನ್ಯ ಸಾಗಿಸಲೆಂದು ಹಾಕಿದ ಹಳಿಗಳಿವು. ಮಳೆ ಚೆನ್ನಾಗಿ ಬಂದ ವರ್ಷ ರೈಲಿಗೆ ಬರ! ಮೇಲೆ ಬಸ್ಸಿನ ಪೈಪೋಟಿ. ಎರಡನೆಯ ಮಹಾಯುದ್ಧ ಮುಗಿಯುವಷ್ಟರಲ್ಲಿ ಎರಡೂ ಮಾರ್ಗ ಇಲ್ಲವಾದವು. ಹೊಸೂರಿಗೆ ಮುಂದೆ ಮೀಟರ್ ಗೇಜ್ ಬಂತು, ಬ್ರಾಡ್ ಗೇಜೂ ಬಂತು. ಕೃಷ್ಣಗಿರಿಗೆ 2004ರಲ್ಲಿ ಜಿಲ್ಲಾ ಕೇಂದ್ರವೆಂಬ ಬೋರ್ಡು ಬಂತು.

ಈಗ ಜೋಲಾರಪೇಟೆಯಿಂದ ಕೃಷ್ಣಗಿರಿ ಮೇಲೆ ಹೊಸೂರಿಗೆ ಹೋಗುವ ಮಾರ್ಗಕ್ಕೆ ಕಡತದಲ್ಲಿ ‘ಹೊಸ ಮಾರ್ಗ’ ಎಂದು ಹೆಸರು. ಹಳೆಯ ಹಳಿಯ ಮಣ್ಣಿನ ಏರಿಯ ಮೇಲೇ ಹಾಕಿಬಿಡಿ ಎಂದರೆ ಆಗದು. ಪುಟ್ಟ ಗಾಡಿ ಬಳುಕಿಕೊಂಡು ಹೋಗುತ್ತಿದ್ದ ತಿರುವುಗಳಲ್ಲಿ ಐದೂವರೆ ಅಡಿ ಗೇಜಿನ ರೈಲು ತಿರುಗದು. ಹಾಗಾಗಿ ಸರ್ವೇ. ಮೊದಲು ಮೇಲುನೋಟದ್ದು, ಆಮೇಲೆ ಪ್ರಾಥಮಿಕ, ಆಮೇಲೆ ಅಂತಿಮ ಸ್ಥಳ ಸರ್ವೇ, ಆಮೇಲೆ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ. ಅಷ್ಟರಲ್ಲಿ ಜಮೀನಿನ ದರ ಏರಿ ಅಂದಾಜುಪಟ್ಟಿ ಹಳಸುತ್ತದೆ. ಅಂತಿಮಕ್ಕೆ ಇನ್ನೊಂದು ಅಂತಿಮ.

ಎಡವುವುದು ಆದಾಯದ ಕಲಮಿನಲ್ಲಿ. ಹಾಕಿದ ಬಂಡವಾಳಕ್ಕೆ ಶೇ. 14 ಹುಟ್ಟಬೇಕೆಂಬುದು ರೈಲ್ವೆಯ ಬಹುಕಾಲದ ಲೆಕ್ಕವಾಗಿತ್ತು. ಹಳಿ ಕಿತ್ತ ಮೇಲೆ ಜನ ಬಸ್ ಹತ್ತಿದರು, ಮಾವು ಲಾರಿ ಹತ್ತಿತು. ಈಗ ರಸ್ತೆಯಲ್ಲಿ ನಿಂತು ಎಣಿಸಿ, ಇವರೆಲ್ಲ ಬಸ್ಸಿನವರೇ ಎಂದರೆ? ಬಾವಿ ಮುಚ್ಚಿಸಿ, ಹಗ್ಗ ಸವೆದಿಲ್ಲ, ಯಾರಿಗೂ ಬಾಯಾರಿಕೆಯಿಲ್ಲ ಎಂದಂತೆ.

ಹಾಗಂತ ರೈಲ್ವೆಯಲ್ಲಿ ಯೋಜನೆಗಳಿಗೆ ಸಾವಿಲ್ಲ. ಯಾವ ಕಾಮಗಾರಿಗೆ ಎಷ್ಟು ದುಡ್ಡೆಂದು ಹೇಳುವ ರೈಲ್ವೆ ಬಜೆಟ್ಟಿನ ಪಿಂಕ್ ಬುಕ್ಕಿನಲ್ಲಿ 1,000 ರೂಪಾಯಿ ಇಟ್ಟು ಉಸಿರು ಹಿಡಿದಿಡುವ ಪದ್ಧತಿಯಿದೆ. ಈಗಿನ ಹಳಿ ಮೀಟರಿಗೆ 60 ಕೆ.ಜಿ. ಕೆ.ಜಿ.ಗೆ ಐವತ್ತೇ ರೂಪಾಯಿ ಹಿಡಿದರೂ ಆ ದುಡ್ಡಿಗೆ ಒಂದು ಮೊಳ ಬಾರದು. ಅದೂ ಒಂದು ಬದಿಯದು. ಇನ್ನೊಂದು ಬದಿಗೆ ಮುಂದಿನ ಬಜೆಟ್ ಇದೆಯಲ್ಲ.