ಮೀನು ಆಯ್ತು, ಮಾವು ಇನ್ನೂ ಹೆಚ್ಚುತ್ತಿದ್ದಾರೆ

'ವಾರದ ದಿನಗಳಿಗೆ ಹದಿನೈದೇ ನಿಮಿಷದ ಊಟ' ಅಂತ ವಿಡಿಯೋ ಮಾಡಿ ಹಾಕಿದ ಪುಣ್ಯಾತ್ಮರು ಯಾರೋ ಗೊತ್ತಿಲ್ಲ, ಆದರೆ ಅವರಿಗೆ ನಮ್ಮನೆಯವರ ಪರಿಚಯ ಇಲ್ಲ ಅನ್ನೋದಂತೂ ಗ್ಯಾರಂಟಿ. ನಿನ್ನೆ ಬುಧವಾರ. ಮೀನು ಬೆಂದಿದ್ದು ಒಂಬತ್ತಕ್ಕೆ. ನಾವು ತಟ್ಟೆ ಮುಂದೆ ಕೂತಿದ್ದು ಹತ್ತೂಕಾಲಿಗೆ.

ಬುಧವಾರವೇ ಯಾಕೆ ಅಂದರೆ ಬೇರೆ ದಿನ ಎಲ್ಲಿದೆ ಹೇಳಿ? ಸೋಮವಾರ ಅತ್ತೆಯವರ ವಾರ. ಗುರುವಾರ ಇವರದ್ದು. ಶನಿವಾರ ಮೀನು ತಿಂದೆ ಅಂದರೆ ನನ್ನ ಅಮ್ಮ ಊರಿನಿಂದಲೇ ಬೈಯುತ್ತಾಳೆ. ನಡುವೆ ಸಂಕಷ್ಟಿ, ಏಕಾದಶಿ. ಇಷ್ಟೆಲ್ಲ ದಾಟಿ ಉಳಿಯುವ ಒಂದು ಸಂಜೆಯಲ್ಲಿ ಆಫೀಸಿನಿಂದ ಟ್ರಾಫಿಕ್ ಈಜಿಕೊಂಡು ಬಂದು ಮೀನು ಮಾಡಬೇಕು.

ವಿಡಿಯೋದಲ್ಲಿ ಎಲ್ಲವೂ ಸುಲಭ. ಮೀನಿಗೆ ಉಪ್ಪು, ಖಾರ, ಎಣ್ಣೆ ಸವರಿ ಗ್ರಿಲ್ ಮೇಲೆ ಇಡುತ್ತಾರೆ. ಅದು ಬೇಯುವಷ್ಟರಲ್ಲಿ ಮಾವಿನಹಣ್ಣು, ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಸಣ್ಣಗೆ ಹೆಚ್ಚಿ, ನಿಂಬೆಹಣ್ಣು ಹಿಂಡಿ, ಸಾಲ್ಸಾ ಅಂತ ಮೇಲೆ ಸುರಿಯುತ್ತಾರೆ. ಹೆಚ್ಚುವ ಕೆಲಸ ಮೂರು ಸೆಕೆಂಡಿಗೆ ಮುಗಿದುಹೋಗುತ್ತದೆ, ಯಾಕಂದರೆ ಅಷ್ಟನ್ನು ಓಡಿಸಿ ಹಿಂದೆ ಒಂದು ಹಾಡು ಹಾಕಿರುತ್ತಾರೆ. ಕುಂದಾಪುರದಲ್ಲಿರುವ ಅಮ್ಮನಿಗೆ ಫೋನಿನಲ್ಲಿ ವಿವರಿಸಿದೆ. "ಎಂಥ ಮರಾಯ್ತಿ, ಮೀನಿಗೆ ಹಣ್ಣಾ? ಬೇಳೆ ಹಾಕದ ಕೋಸಂಬರಿ ಅನ್ನು" ಅಂದು ಬೇರೆ ವಿಷಯಕ್ಕೆ ಹೋದಳು.

ಮೀನಿನ ಭಾಗದಲ್ಲಿ ನನಗೆ ತಕರಾರಿಲ್ಲ. ಮಲ್ಪೆ, ಮಂಗಳೂರಿನಿಂದ ರಾತ್ರಿ ಘಾಟಿ ಹತ್ತಿ ಬಂದ ಮೀನಿನ ಕಿವಿರು ಕೆಂಪಗಿದೆಯಾ ಅಂತ ನೋಡಿ ತರುವಷ್ಟು ಬುದ್ಧಿಯನ್ನು ಊರು ಕಲಿಸಿದೆ. ಒಮ್ಮೆ ಮನೆಗೇ ತರಿಸೋಣ ಅಂತ ಮೊಬೈಲಿನಲ್ಲಿ ಆರ್ಡರ್ ಮಾಡಿದಾಗ ಅಂಜಲನ್ನು ಸಾರಿಗೆ ಹಾಕುವ ಹಾಗೆ ತುಂಡು ತುಂಡು ಮಾಡಿ ಕಳಿಸಿದ್ದರು, ಆಮೇಲೆ ಆ ಸಹವಾಸ ಬಿಟ್ಟೆ. ಒಂದು ಇಂಚು ದಪ್ಪದ ಅಂಜಲ್ ಹೋಳಿಗೆ ಎರಡೂ ಕಡೆ ಸೇರಿ ಸುಮಾರು ಹತ್ತು ನಿಮಿಷ ಸಾಕು. ಮೀನಿನ ನೀರು ಚೆನ್ನಾಗಿ ಒರೆಸಬೇಕು, ಕಬ್ಬಿಣದ ಪ್ಯಾನ್ ಹೊಗೆಯಾಡುವಷ್ಟು ಕಾಯಬೇಕು, ಇಟ್ಟ ಮೇಲೆ ಮುಟ್ಟಬಾರದು. ಮೊದಲು ಕಚ್ಚಿಕೊಂಡಿರುತ್ತದೆ, ಕೆಳಗೆ ಗರಿಗರಿಯಾದ ಮೇಲೆ ತಾನಾಗಿಯೇ ಬಿಡುತ್ತದೆ. ಹೊಗೆಯಾಡುವಷ್ಟು ಅಂದೆನಲ್ಲ, ಅಷ್ಟಕ್ಕೆ ಕೆಳಗಿನ ಸೆಕ್ಯೂರಿಟಿಯವರು ಇಂಟರ್‌ಕಾಮ್ ಮಾಡುತ್ತಾರೆ. "ಮೇಡಂ, ನಿಮ್ಮ ಕಿಟಕಿಯಿಂದ ಹೊಗೆ ಬರ್ತಿದೆಯಂತೆ, ಏನಾದ್ರೂ ತೊಂದ್ರೇನಾ?" ತೊಂದರೆ ಹೊಗೆಯದ್ದಲ್ಲ ಅಪ್ಪಾ.

ತೊಂದರೆ ಅಡುಗೆಮನೆಯ ಆ ಕಡೆ ಚಾಪಿಂಗ್ ಬೋರ್ಡ್ ಮುಂದೆ ನಿಂತಿದೆ.

ನಮ್ಮನೆಯವರು ಮಂಡ್ಯ ಕಡೆಯವರು, ಮೆಕ್ಯಾನಿಕಲ್ ಇಂಜಿನಿಯರ್. ಮೀನಿನ ಸಹವಾಸ ಮದುವೆಯಾದ ಮೇಲಿನದ್ದು, ಹಾಗಾಗಿ ಅದರ ತಂಟೆಗೆ ಬರುವುದಿಲ್ಲ. "ಸಾಲ್ಸಾ ನನಗೆ ಬಿಡು" ಅಂದರು. ಗಂಡಸರು ಅಡುಗೆಮನೆಗೆ ಬರುತ್ತೇನೆ ಅಂದರೆ ಬೇಡ ಅನ್ನುವುದು ಹೇಗೆ, ಅಲ್ವಾ? ಬಿಟ್ಟೆ.

ಮೊದಲು ಹಣ್ಣಿನ ಆಯ್ಕೆ. ಬಾದಾಮಿ ಮೆತ್ತಗಾಯಿತು, ಚಾಕು ತಾಗಿದರೆ ಜ್ಯೂಸ್. ರಸಪುರಿ ಸೀಕರಣೆಗೆ ಹುಟ್ಟಿದ್ದು, ಅದನ್ನು ಹೆಚ್ಚುವುದು ಪಾಪ. (ಇದರಲ್ಲಿ ನಾನೂ ಅವರೂ ಒಂದೇ ಪಕ್ಷ.) ಗಿಣಿಮೂತಿಯೇ ಸರಿ, ಗಟ್ಟಿ, ಸ್ವಲ್ಪ ಹುಳಿ. ಆಮೇಲೆ ಚಾಕು. ಪಿಂಗಾಣಿ ಕಪ್ ಮಗುಚಿ ಅದರ ತಳಕ್ಕೆ ಉಜ್ಜಿ ಉಜ್ಜಿ ಹರಿತ ಮಾಡುವುದು, ಉಗುರಿನ ಮೇಲೆ ಪರೀಕ್ಷೆ ಮಾಡುವುದು, ಮತ್ತೆ ಉಜ್ಜುವುದು. ಆಮೇಲೆ ಸಿಪ್ಪೆ. ಸಿಪ್ಪೆ ತುಂಡಾಗದೆ ಒಂದೇ ಸುರುಳಿಯಲ್ಲಿ ಬರಬೇಕು, ಬಂದರೆ ಕರೆದು ತೋರಿಸುತ್ತಾರೆ. ನಾನು ಈ ಕಡೆ ಮೀನು ಮಗುಚುತ್ತಾ "ಹೂಂ, ಚೆನ್ನಾಗಿದೆ" ಅನ್ನಬೇಕು.

ಆಮೇಲೆ ಶುರು ಹೆಚ್ಚುವುದು. ಹಣ್ಣನ್ನು ಹಲಗೆ ಮಾಡಿ, ಹಲಗೆಯನ್ನು ಪಟ್ಟಿ ಮಾಡಿ, ಪಟ್ಟಿಯನ್ನು ಚೌಕ ಮಾಡುತ್ತಾರೆ. ಒಂದೊಂದು ಚೌಕವನ್ನೂ ಚಿನ್ನದಂಗಡಿಯವರು ಉಂಗುರ ನೋಡುವ ಹಾಗೆ ಚಾಕುವಿನ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಸರಿಯಿದ್ದರೆ ಬಟ್ಟಲಿಗೆ. ಒಂದು ಮೂಲೆ ಓರೆಯಾಗಿದ್ದರೆ ಬಾಯಿಗೆ. ಮಾವಿನಹಣ್ಣು ಚೌಕ ಅಲ್ಲ, ದುಂಡಗೆ ಇರುತ್ತದೆ. ಅಂದಮೇಲೆ ಓರೆ ತುಂಡುಗಳೇ ಜಾಸ್ತಿ. ಕೊನೆಗೆ ಒಂದು ದೊಡ್ಡ ಗಿಣಿಮೂತಿಯಿಂದ ಸಾಲ್ಸಾಕ್ಕೆ ಸಿಗುವುದು ಚಟ್ನಿ ಬಟ್ಟಲಿನ ಮುಕ್ಕಾಲು ಭಾಗ. ಆಗ "ಕಡಿಮೆ ಆಯ್ತಲ್ಲ, ಇನ್ನೊಂದು ಹಣ್ಣು ಇದೆಯಾ?" ಅಂತ ಕೇಳುತ್ತಾರೆ.

"ಹೊಟ್ಟೆಗೆ ಹೋದ ಮೇಲೆ ಯಾರ್ರೀ ಅಳೀತಾರೆ?" ಅಂದೆ.

"ಎಲ್ಲ ಒಂದೇ ಸೈಜ್ ಇದ್ರೇನೇ ಒಂದು ತುತ್ತಲ್ಲಿ ಎಲ್ಲಾ ರುಚೀನೂ ಬರೋದು" ಅಂದರು. ಈ ಮಾತು ನಿಜ, ಅದೇ ಸಿಟ್ಟು.

"ಬೆಳಿಗ್ಗೇನೇ ಹೆಚ್ಚಿಟ್ಟುಬಿಡಿ, ಫ್ರಿಡ್ಜಿನಲ್ಲಿ ಇಡೋಣ" ಅಂತ ಹೇಳಿ ನೋಡಿದ್ದೇನೆ. ಆಗುವುದಿಲ್ಲವಂತೆ, ಉಪ್ಪು ನಿಂಬೆ ಬಿದ್ದು ಹಣ್ಣು ನೀರು ಬಿಟ್ಟುಕೊಳ್ಳುತ್ತದಂತೆ. ಉಪ್ಪು ನಿಂಬೆಯನ್ನು ರಾತ್ರಿ ಹಾಕಿದರಾಯಿತಲ್ಲ ಅಂದರೆ, ಫ್ರೆಶ್ ಇರಲ್ಲ ಅನ್ನುತ್ತಾರೆ. ಅನಾನಸ್ ಸಾಲ್ಸಾ ಮಾಡಿದ ದಿನ ಇನ್ನೂ ಚೆಂದ. ಈರುಳ್ಳಿ ಹೆಚ್ಚುವವರೆಗೆ ಜಾಗ ಸಾಲದು ಅಂತ ಅನಾನಸ್ ತುಂಡುಗಳನ್ನು ಹಸಿ ಮೀನಿನ ತಟ್ಟೆಯ ಮೇಲೇ ಹರಡಿಟ್ಟರು. ಹಸಿ ಅನಾನಸಿನಲ್ಲಿ ಬ್ರೋಮೆಲೈನ್ ಅನ್ನುವ ಕಿಣ್ವ ಇರುತ್ತದೆ, ಪ್ರೋಟೀನನ್ನು ಒಡೆಯುವುದೇ ಅದರ ಕೆಲಸ. ಇವರ ಈರುಳ್ಳಿ ಮುಗಿಯುವಷ್ಟರಲ್ಲಿ ಅದು ತನ್ನ ಕೆಲಸ ಮುಗಿಸಿತ್ತು. ಮೀನು ಮುಟ್ಟಿದರೆ ಮುದ್ದೆ.

ನಿನ್ನೆ ಮಗ ಬಂದು ಕೇಳಿದ, "ಅಮ್ಮ, ಮೀನು ಆಯ್ತಾ?"

"ಆಯ್ತು."

"ಮತ್ತೆ ಊಟ?"

"ಅಪ್ಪ ಈಗ ಈರುಳ್ಳಿಗೆ ಬಂದಿದ್ದಾರೆ."

ಅವನು ಬುದ್ಧಿವಂತ. ಮೊಸರನ್ನ ಕಲಸಿಕೊಂಡು ತಿಂದು ಮಲಗಿದ.

ನನ್ನ ಸಂಕಟ ಘಟ್ಟದ ಮೇಲಿನವರಿಗೆ ಸುಲಭಕ್ಕೆ ಅರ್ಥ ಆಗುವುದಿಲ್ಲ. ಮೀನ್ ಸಾರು ಎಷ್ಟು ಹೊತ್ತು ಬೇಕಾದರೂ ಕಾಯುತ್ತದೆ. ನಿನ್ನೆಯ ಸಾರಿಗೆ ಇವತ್ತಿನ ದೋಸೆ ಅಂದರೆ ಇನ್ನೂ ರುಚಿ. ಆದರೆ ಸುಟ್ಟ ಮೀನಿಗೆ ಆಯಸ್ಸು ಐದು ನಿಮಿಷ. ಗರಿ ಹೋಗುತ್ತದೆ, ಒಳಗಿನ ನೀರು ಒಣಗುತ್ತದೆ, ಮತ್ತೆ ಬಿಸಿ ಮಾಡಿದರೆ ರಬ್ಬರು. ಕಿಲೋಗೆ ಅಷ್ಟೊಂದು ಕೊಟ್ಟು ತಂದ ಅಂಜಲ್ ಮುಚ್ಚಿಟ್ಟ ತಟ್ಟೆಯಲ್ಲಿ ಬೆವರುತ್ತಾ ಕೂತಿರುತ್ತದೆ, ಇವರು ಕೊತ್ತಂಬರಿಯ ಎಲೆ ಬೇರೆ, ಕಡ್ಡಿ ಬೇರೆ ಮಾಡುತ್ತಿರುತ್ತಾರೆ.

ಅಜ್ಜಿ ಮನೆಯಲ್ಲಿ ಮಳೆಗಾಲದಲ್ಲಿ ಬೋಟು ಕಡಲಿಗೆ ಇಳಿಯದ ದಿನಗಳಲ್ಲಿ ಒಣ ಬಂಗುಡೆಯನ್ನು ಒಲೆಯ ಕೆಂಡದ ಮೇಲೆ ಹಾಕುತ್ತಿದ್ದರು. ಸುಟ್ಟ ವಾಸನೆ ಹಿತ್ತಲಿಗೆ ಬರುವಷ್ಟರಲ್ಲಿ ಅಜ್ಜಿ ಮಾವಿನಕಾಯಿ, ತೆಂಗಿನಕಾಯಿ, ಮೆಣಸು ಸೇರಿಸಿ ಕಲ್ಲಿನಲ್ಲಿ ಚಟ್ನಿ ಅರೆದು ಮುಗಿಸಿರುತ್ತಿದ್ದರು. ಕುಚ್ಚಲಕ್ಕಿ ಗಂಜಿ, ಪಕ್ಕಕ್ಕೆ ಇದು. ಹೆಂಚಿನ ಮೇಲೆ ಮಳೆ ಎಷ್ಟು ಜೋರಾಗಿ ಹೊಡೆಯುತ್ತಿತ್ತು ಅಂದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ, ಸುಮ್ನೆ ತಿನ್ನುತ್ತಿದ್ದೆವು. ಬೆಂಕಿಯಲ್ಲಿ ಬೆಂದ ಮೀನು, ಜೊತೆಗೆ ಹುಳಿ ಮಾವು. ವಿಡಿಯೋದವರು ತೋರಿಸುವುದೂ ಹೆಚ್ಚುಕಡಿಮೆ ಅದೇ. ಆ ಅಡುಗೆಮನೆ ಈಗಿಲ್ಲ, ಅಜ್ಜಿಯೂ ಇಲ್ಲ. ಆ ಚಟ್ನಿಯ ಅಳತೆ ಕೇಳಿಟ್ಟುಕೊಂಡವರು ನಮ್ಮಲ್ಲಿ ಯಾರೂ ಇಲ್ಲ.

ಇರಲಿ. ಮೇ ಮುಗಿಯುತ್ತಾ ಬಂತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಮೀನು ಹಿಡಿಯುವಂತಿಲ್ಲ, ಪೂರ್ತಿ 61 ದಿನ. ಆಗಸ್ಟಿನಲ್ಲಿ ತಾಜಾ ಮೀನು ಮತ್ತೆ ಬರುವ ಹೊತ್ತಿಗೆ ಒಳ್ಳೆಯ ಮಾವು ಮುಗಿದಿರುತ್ತದೆ. ಅಂದರೆ ಮೀನು, ಮಾವು ಎರಡೂ ಒಟ್ಟಿಗೆ ಸಿಗುವ ಬುಧವಾರಗಳು ಇನ್ನು ಜಾಸ್ತಿ ಇಲ್ಲ. ಅದನ್ನೂ ಚೌಕ ಅಳೆಯುತ್ತಾ ಕಳೆಯಬೇಕಾ ಅಂತ, ಹಗ್ಗ ಎಳೆದರೆ ತರಕಾರಿ ಹೆಚ್ಚುವ ಯಂತ್ರ ಬರುತ್ತದಲ್ಲ, ಅದನ್ನು ತರಿಸಿದ್ದೆ. ಇವತ್ತು ಬೆಳಿಗ್ಗೆ ಬಂತು. ಇವರೇ ಖುಷಿಯಿಂದ ಪೆಟ್ಟಿಗೆ ಬಿಚ್ಚಿದರು, ಒಂದು ಈರುಳ್ಳಿ ಹಾಕಿ ಎಳೆದರು, ಮುಚ್ಚಳ ತೆಗೆದು ತುಂಬಾ ಹೊತ್ತು ಒಳಗೆ ನೋಡಿದರು. ಆಮೇಲೆ ಮಗನ ಜಾಮಿಟ್ರಿ ಬಾಕ್ಸಿನಿಂದ ಸ್ಕೇಲ್ ತಂದರು.

"ಒಂದೂ ಆರು ಮಿಲಿಮೀಟರ್ ಇಲ್ಲ ಕಣೇ" ಅಂದರು. ಯಂತ್ರ ಮತ್ತೆ ಪೆಟ್ಟಿಗೆ ಸೇರಿದೆ, ವಾಪಸ್ ತೆಗೆದುಕೊಂಡು ಹೋಗುವವರು ನಾಳೆ ಬರುತ್ತಾರಂತೆ.