ಫ್ರೆಂಡ್ಸ್ ಹಾಳು ಮಾಡಿದರು ಅನ್ನುವ ಮೊದಲು

ಎಂಡಿಎಂಎ ಅನ್ನುವ ಮಾದಕ ವಸ್ತು ಸಮೇತ ಯುವಕರು ಸಿಕ್ಕಿಬಿದ್ದರು ಅಂತ ಪೇಪರಿನಲ್ಲಿ ಬಂದ ದಿನ, ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಬದಿಯಡ್ಕದವರೆಗೆ ಒಂದೇ ಮಾತು: "ಹುಡುಗ ಪಾಪ, ಫ್ರೆಂಡ್ಸ್ ಸೇರಿ ಹಾಳಾದ."

ಫ್ರೆಂಡ್ಸ್ ಪಾತ್ರ ಇದೆ. ಮೊದಲ ಸಲ ಕೊಡುವವನು ತಲಪಾಡಿ ಗಡಿ ದಾಟಿ ಬಂದ ಯಾರೋ ಏಜೆಂಟ್ ಆಗಿರುವುದು ಕಡಿಮೆ. ಜೊತೆಗೆ ಫುಟ್‌ಬಾಲ್ ಆಡುವವನು, ಕೆಲವೊಮ್ಮೆ ಸಂಬಂಧಿಕರ ಹುಡುಗನೇ ಇರುತ್ತಾನೆ, ದುಡ್ಡೂ ಕೇಳುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾರು ಓಡಿಸುವ ವಿಡಿಯೋ ಗೇಮ್ ಆಡಿಸಿದ್ದು. ಗೆಳೆಯರು ನೋಡುತ್ತಿದ್ದಾಗ 13ರಿಂದ 16ರ ಮಕ್ಕಳು ಜಾಸ್ತಿ ರಿಸ್ಕ್ ತೆಗೆದುಕೊಂಡರು, 24 ದಾಟಿದವರು ಹಾಗೆ ಬದಲಾಗಲಿಲ್ಲ. ಆ ವಯಸ್ಸೇ ಹಾಗೆ.

ಆದರೆ ಮನೆಯನ್ನು ಯಾಕೆ ಬಿಟ್ಟುಬಿಡುತ್ತೇವೆ? ಅಪ್ಪ ಗಲ್ಫ್‌ನಲ್ಲಿ, ಫೋನಿನಲ್ಲಿ ಕೇಳುವುದು ಮಾರ್ಕ್ ಮಾತ್ರ. ಮದುವೆಯ ಹಿಂದಿನ ರಾತ್ರಿ ಮಾವಂದಿರು ಮಕ್ಕಳ ಎದುರೇ ಬಾಟಲಿ ತೆರೆಯುತ್ತಾರೆ. ಗೊತ್ತಾದ ಮೇಲಂತೂ ಇನ್ನೂ ಕಷ್ಟ. ಹೊಡೆತ, ಫೋನ್ ಕಿತ್ತುಕೊಳ್ಳುವುದು, ತಂಗಿಯ ಮದುವೆಗೆ ತೊಂದರೆ ಆದೀತು ಅಂತ ಯಾರಿಗೂ ಹೇಳದೆ ಪುತ್ತೂರಿನ ಅಜ್ಜಿ ಮನೆಗೆ ಸಾಗಿಸುವುದು. ಮನೆಯಲ್ಲಿ ಬಾಯಿ ಬಿಡುವ ಹಾಗಿಲ್ಲದ ಹುಡುಗನಿಗೆ ಕೊನೆಗೆ ಉಳಿಯುವುದು ಯಾರು? ಜೊತೆಗೆ ಸೇದುವವರೇ ಅಲ್ವಾ?

ಆಸ್ಪತ್ರೆಗೆ ಕರೆದುಕೊಂಡು ಹೋದರೆ ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರುವವರು ತುಂಬಾ ಜನ. ಆ ಹೆದರಿಕೆಯಲ್ಲೇ ವರ್ಷ ಕಳೆಯುತ್ತದೆ. ಮಾದಕ ವಸ್ತುಗಳ ವಿರುದ್ಧದ 1985ರ ಎನ್‌ಡಿಪಿಎಸ್ ಕಾಯ್ದೆ ಕಠಿಣ ನಿಜ, ಎಂಡಿಎಂಎ 10 ಗ್ರಾಂಗಿಂತ ಜಾಸ್ತಿ ಇದ್ದರೆ ಕಡಿಮೆಯೆಂದರೆ 10 ವರ್ಷ ಜೈಲು. ಆದರೆ ಅದೇ ಕಾಯ್ದೆಯ 64ಎ ಸೆಕ್ಷನ್ ಇದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಸೇರಿದರೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಅನ್ನುವ ವ್ಯಸನ ಬಿಡಿಸುವ ಕೇಂದ್ರ ನಮ್ಮ ಜಿಲ್ಲೆಯಲ್ಲೇ, ನೀಲೇಶ್ವರ ತಾಲೂಕು ಆಸ್ಪತ್ರೆಯಲ್ಲಿದೆ. ಕುಂಬಳೆಯವರಿಗೆ ದೂರ ಆಗುತ್ತದೆ, ಆದರೂ ಹೋಗಿ. ವಿಮುಕ್ತಿ ನಂಬರ್ 14405.

ಇನ್ನೊಂದು ಮಾತು. ಎಲ್ಲ ಫ್ರೆಂಡ್ಸೂ ಕೆಟ್ಟವರಲ್ಲ. ಆ ಗುಂಪಿನಲ್ಲೇ ಒಬ್ಬನಿಗೆ ಹೆದರಿಕೆ ಆಗಿರುತ್ತದೆ. ಅವನು ಮನೆ ಬಾಗಿಲಿಗೆ ಬಂದು "ಆಂಟಿ, ಇವನು ಸರಿ ಇಲ್ಲ" ಅಂದರೆ ದಯವಿಟ್ಟು "ನೀನೇ ಕಲಿಸಿದ್ದು" ಅಂತ ಬೈದು ಓಡಿಸಬೇಡಿ. ಒಳಗೆ ಕರೆದು ಕೂರಿಸಿ. ಯಾವಾಗಿನಿಂದ, ಏನು ತೆಗೆದುಕೊಳ್ಳುತ್ತಾನೆ ಅಂತ ಕೇಳಿ ತಿಳಿದುಕೊಳ್ಳಿ. ಅವನ ಹೆಸರನ್ನು ಮಗನ ಎದುರು ಎತ್ತಲೇಬೇಡಿ.